ತೂಕಕ್ಕೆ ಸಿಗದ ಕಂಬಳಿ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ "ನಂಬಿದರೆ ನಂಬಿ, ಬಿಟ್ಟರೆ ಬಿಡಿ" ಎಂದು ಶುರು ಮಾಡಿದರೆ ಸಾಕು, ನಾನು ಅಲ್ಲಿಗೇ ಕೇಳುವುದನ್ನು ಬಿಟ್ಟುಬಿಡುತ್ತಿದ್ದೆ. ಅತ್ತಿಗುಂಡಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದವನು ನಾನು. ಆಳುಗಳ ಹಾಜರಿ, ಹಣ್ಣಿನ ತೂಕ, ಮಳೆಯ ಅಳತೆ ಬರೆದಿಡುವ ಗುಮಾಸ್ತನಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಒಂದೊಂದೇ ಚೀಲವನ್ನು ತಕ್ಕಡಿಗೆ ಹಾಕಿಸಿ, ತೂಕ ಕೂಗಿ, ಬರೆದುಕೊಳ್ಳುವುದು ನನ್ನ ಕೆಲಸ. ಚೀಲವನ್ನು ಕೈಯಲ್ಲಿ ಎತ್ತಿ ನೋಡಿ ಅರ್ಧ ಕಿಲೋ ಆಚೀಚೆ ಆಗದಂತೆ ತೂಕ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಏನಾದರೂ ಲೆಕ್ಕ ತಪ್ಪಿದ್ದರೆ ಅದು ಮೊದಲು ನನಗೇ ಸಿಗಬೇಕಿತ್ತು. ಇಷ್ಟು ವರ್ಷವಾದರೂ ಸಿಕ್ಕಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಗುಡ್ಡಗಳಿಗೆ ಮೊಬೈಲ್ ಇನ್ನೂ ಹತ್ತಿರಲಿಲ್ಲ. ನಮ್ಮ ಸಾಹುಕಾರರ ಮಗ ಮತ್ತು ಅವನಂಥ ನಾಲ್ಕಾರು ಪ್ಲಾಂಟರ್ ಹುಡುಗರು ಸೇರಿ ಸೈಕಲ್ ರೇಸ್ ಒಂದನ್ನು ಶುರು ಮಾಡಿದ್ದರು. ಡಾಂಬರು ರಸ್ತೆಯ ರೇಸಲ್ಲ. ಅತ್ತಿಗುಂಡಿಯಿಂದ ಹೊರಟು ತೋಟದ ಜೀಪ್ ದಾರಿ, ಕಾಡಿನ ಅಂಚು, ಹುಲ್ಲುಗುಡ್ಡದ ಕಾಲುದಾರಿ ಹಿಡಿದು ಮೊದಲ ದಿನ ಜಾವಳಿ ಮುಟ್ಟಬೇಕು. ಮರುದಿನ ಸಂಜೆಯೊಳಗೆ ಸಂಸೆ. ಇಬ್ಬಿಬ್ಬರ ಜೋಡಿ, ಇಬ್ಬರೂ ಒಟ್ಟಿಗೇ ಮುಗಿಸಬೇಕು. ಹೊರಡುವಾಗ ಏನು ಹೊತ್ತಿದ್ದೀರೋ ಅಷ್ಟರಲ್ಲೇ ಎರಡು ದಿನ ಕಳೆಯಬೇಕು, ದಾರಿಯಲ್ಲಿ ನೀರು ಬಿಟ್ಟು ಬೇರೇನನ್ನೂ ಯಾರಿಂದಲೂ ಪಡೆಯುವಂತಿಲ್ಲ ಎಂಬುದು ಮುಖ್ಯ ನಿಯಮ. ಹಳ್ಳಿಗೊಬ್ಬ ನೆಂಟನಿರುವ ನಮ್ಮ ಕಡೆ ಇದನ್ನು ಪಾಲಿಸುವುದು ಸುಲಭವಲ್ಲ. ಮೊದಲ ವರ್ಷ ಒಬ್ಬ ಮಹಾಶಯ ಅತ್ತೆ ಮನೆಗೆ ಹೊಕ್ಕು ಕಡುಬು, ಕೋಳಿಸಾರು ಉಂಡು, ಮಿಕ್ಕಿದ್ದನ್ನು ಕಟ್ಟಿಸಿಕೊಂಡು ಬಂದಿದ್ದನಂತೆ. ಅದಕ್ಕೇ ಎರಡನೆಯ ವರ್ಷ, ನಾನೂ ಹೆಸರು ಕೊಟ್ಟ ವರ್ಷ, ತಕ್ಕಡಿ ಬಂತು. ಹೊರಡುವಲ್ಲಿ, ಜಾವಳಿಯಲ್ಲಿ, ಸಂಸೆಯಲ್ಲಿ, ಮೂರು ಕಡೆಯೂ ಕಾಫಿ ತೂಗುವ ತಕ್ಕಡಿಯಲ್ಲಿ ಬ್ಯಾಗ್ ತೂಗಿ ಬರೆದುಕೊಳ್ಳುತ್ತಿದ್ದರು. ತಿಂದಷ್ಟು ಇಳಿಯಬೇಕೇ ಹೊರತು ತೂಕ ಏರಿದರೆ ಆಟದಿಂದ ಹೊರಗೆ.

ನನ್ನ ಜೊತೆಗಾರ ಪೂರ್ಣೇಶ, ನನ್ನ ಹೆಂಡತಿ ಸುಜಾತಳ ತಮ್ಮ. ಆಗ ಇಪ್ಪತ್ನಾಲ್ಕರ ಪ್ರಾಯ. ಮೂಡಿಗೆರೆಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರಿಂದ ತವರು ಅಂತ ಸುಜಾತಳಿಗೆ ಉಳಿದಿದ್ದು ಅವನೊಬ್ಬನೇ. ಚಿಕ್ಕವನಿದ್ದಾಗ ಎರಡು ಸಲ ನ್ಯುಮೋನಿಯಾ ಆಗಿ ಬದುಕಿದವನು. ಸ್ವಲ್ಪ ಥಂಡಿ ತಗುಲಿದರೂ ಎದೆಯೊಳಗೆ ಸುಯ್ ಸುಯ್ ಎನ್ನಲು ಶುರುವಾಗುತ್ತಿತ್ತು. ಅವನನ್ನು ಈ ಹುಚ್ಚಿಗೆ ಎಳೆಯಬೇಡಿ ಎಂದು ಅವಳು ಎಷ್ಟು ಹೇಳಿದರೂ ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳು ನನಗೆ ಹೇಳಿದ್ದು ಒಂದೇ ಮಾತು. "ಹೆಂಗೆ ಕರ್ಕೊಂಡು ಹೋಗ್ತೀರೋ ಹಂಗೇ ವಾಪಸ್ ತಂದುಬಿಡಿ. ಮತ್ತೆ ನಾನೆಂತ ಕೇಳಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎರಡು ತಿಂಗಳ ತಯಾರಿಯಲ್ಲಿ ನಾನು ಪಟ್ಟ ಕಳವಳ ಅಷ್ಟಿಷ್ಟಲ್ಲ. ಪೂರ್ಣೇಶ ಭಾನುವಾರಗಳಂದು ಬಸ್ಸಿನಲ್ಲಿ ಬರುತ್ತಿದ್ದ. ನನ್ನ ಸೈಕಲ್ಲು ಸಾಹುಕಾರರ ಮಗ ಓಡಿಸಿ ಬಿಟ್ಟ ಗೇರ್ ಸೈಕಲ್, ಅವನದು ಮೂರು ಹಳೇ ಸೈಕಲ್ಲುಗಳನ್ನು ಬಿಚ್ಚಿ ಅವನೇ ಜೋಡಿಸಿಕೊಂಡದ್ದು. ಗುಡ್ಡದ ಕಲ್ಲಿಗೆ ದಪ್ಪ ಟೈರೇ ಆಗಬೇಕು ಎಂದು ಅವನು, ಏರಿನಲ್ಲಿ ಜೀವ ತಿನ್ನುತ್ತದೆ ಎಂದು ನಾನು. ಹಿಂದೆ ಕ್ಯಾರಿಯರ್ ಹಾಕಿ ಸಾಮಾನು ಕಟ್ಟಿ ನೋಡಿದೆವು. ಎರಡನೇ ಭಾನುವಾರವೇ ಜೀಪ್ ದಾರಿಯ ಕುಲುಕಿಗೆ ಅದರ ಕಾಲು ಮುರಿಯಿತು. ಆಮೇಲೆ ಕ್ಯಾರಿಯರ್ ಬಿಟ್ಟು, ಟೈಲರ್ ಹತ್ತಿರ ಇಬ್ಬರಿಗೂ ಸೇರಿ ಒಂದೇ ಟಾರ್ಪಾಲಿನ್ ಬ್ಯಾಗ್ ಹೊಲಿಸಿ, ಹಳೇ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಅದರಿಂದಲೇ ನನ್ನ ಸೀಟಿನ ಹಿಂದಕ್ಕೆ ಬಿಗಿದೆವು. ಬ್ರೇಕ್ ಕೇಬಲ್ ತುಂಡಾದರೆ? ಇಳಿಜಾರಿನಲ್ಲಿ ಚೈನ್ ಕಿತ್ತರೆ? ಎರಡು ಟ್ಯೂಬಿಗೂ ಒಟ್ಟಿಗೆ ಮುಳ್ಳು ಹೊಡೆದರೆ? ಮಲಗಿದರೆ ಇವೇ. ಒಂದು ಸಾಮಾನು ಸೇರಿಸಿದರೆ ತೂಕದ ಚಿಂತೆ, ತೆಗೆದರೆ ಅದಿಲ್ಲದೆ ಸಿಕ್ಕಿಹಾಕಿಕೊಳ್ಳುವ ಚಿಂತೆ.

ಆಫೀಸಿನಲ್ಲಿ ಕಾಫಿ ಸ್ಯಾಂಪಲ್ ತೂಗುವ ಚಿಕ್ಕ ತಕ್ಕಡಿಯೊಂದಿತ್ತು. ಕೆಲಸ ಮುಗಿದ ಮೇಲೆ ಅದರ ಮುಂದೆ ಕೂತು ಒಂದೊಂದನ್ನೇ ತೂಗುತ್ತಿದ್ದೆ. ಸೋಪನ್ನು ಕಾಲು ಭಾಗ ಮಾಡಿದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದೆ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ ಊಟಕ್ಕಿಷ್ಟು ಎಂದು ಬೇರೆಬೇರೆ ಪೊಟ್ಟಣ ಕಟ್ಟಿದೆ. ಮಳೆಗೆಂದು ಗೊಬ್ಬರದ ಚೀಲದೊಳಗೆ ಬರುವ ತೆಳು ಪ್ಲಾಸ್ಟಿಕ್ ಹಾಳೆ ಎರಡು, ಅಷ್ಟೆ. ಫೆಬ್ರವರಿ ಕೊನೆ. ಎಸ್ಟೇಟಿನ ಮಳೆ ಪುಸ್ತಕವನ್ನು ಹಿಂದಿನ ಇಪ್ಪತ್ತು ವರ್ಷದವರೆಗೆ ತಿರುವಿ ನೋಡಿದ್ದೆ. ಹೂಮಳೆ, ಅಂದರೆ ಕಾಫಿ ಹೂವರಳಿಸುವ ವರ್ಷದ ಮೊದಲ ಮಳೆ, ಮಾರ್ಚಿಗೆ ಮೊದಲು ಒಂದು ಸಲವೂ ಬಂದಿರಲಿಲ್ಲ. ಅತ್ತಿಗುಂಡಿಯ ಪುಸ್ತಕ ಹಿಡಿದು ಸಂಸೆಯ ಗುಡ್ಡದ ಮಳೆ ಹೇಳಲು ಹೊರಟಿದ್ದೆ ನಾನು. ಈ ಗುಡ್ಡ ನೆನೆದರೆ ಎದುರಿನ ಗುಡ್ಡ ಒಣಗಿರುವ ಊರಿನಲ್ಲಿ ಹುಟ್ಟಿ ಬೆಳೆದವನು, ಆ ಪುಸ್ತಕ ನನ್ನ ಕೈಬರಹದಲ್ಲಿದ್ದ ಕಾರಣಕ್ಕೇ ಅದನ್ನು ನಂಬಿದೆ.

ಸುಜಾತ ನಂಬಲಿಲ್ಲ. ಅವಳ ಹತ್ತಿರ ತಾಯಿಯ ಕಾಲದ ಒಂದು ಕರೀ ಕಂಬಳಿಯಿತ್ತು. ಪೂರ್ಣೇಶ ಕಾಯಿಲೆ ಬಿದ್ದಾಗಲೆಲ್ಲ ಅವನಿಗೆ ಹೊದಿಸುತ್ತಿದ್ದದ್ದು ಅದನ್ನೇ. ಒಲೆಯ ಕೆಂಡ ಸಿಡಿದು ಒಂದು ಮೂಲೆಯಲ್ಲಿ ತೂತಾಗಿತ್ತು, ಅದನ್ನು ಅವರಮ್ಮ ಕೆಂಪು ನೂಲಿನಲ್ಲಿ ಹೆಣೆದು ಮುಚ್ಚಿದ್ದರು. ನಾನು ಬ್ಯಾಗ್ ಕಟ್ಟಿಟ್ಟು ಆಚೆ ಹೋದರೆ ಅವಳು ಬಂದು ಕಂಬಳಿ ತುರುಕುತ್ತಿದ್ದಳು. ತೂಗಿದೆ, ಒಂದು ಕಿಲೋ ಆರುನೂರು. ಅದನ್ನು ಹಾಕಿದರೆ ಬ್ಯಾಗಿನ ಬಾಯಿಯೇ ಮುಚ್ಚುತ್ತಿರಲಿಲ್ಲ.

"ಎಂತಕ್ಕೆ ತೆಗಿತೀರಿ ಮಾರಾಯ್ರೆ? ಒದ್ದೆಯಾದ್ರೂ ಬೆಚ್ಚಗಿರೋದು ಕಂಬಳಿ ಒಂದೇ. ನಿಮ್ಮ ಪ್ಲಾಸ್ಟಿಕ್ ಹೊದ್ಕೊಂಡ್ರೆ ಎದೆ ಬೆಚ್ಚಗಾಗುತ್ತಾ?" ಎಂದಳು.

"ಮಳೆ ಬಂದ್ರೆ ತಾನೇ ಒದ್ದೆಯಾಗೋದು" ಎಂದೆ ನಾನು. ಎರಡು ಸಲ ತೆಗೆದೆ. ಹೊರಡುವ ಶನಿವಾರ ಬೆಳಗಿನ ಐದೂವರೆಗೆ ನೋಡಿದರೆ ಮೂರನೇ ಸಲ ಇಟ್ಟಿದ್ದಳು, ಬಾಯಿ ಮುಚ್ಚದ್ದಕ್ಕೆ ಮೇಲಿಂದ ಹಗ್ಗ ಬಿಗಿದು. ಅವಳು ಅಡಿಗೆಮನೆಯಲ್ಲಿದ್ದಳು. ನಾನು ಸದ್ದಿಲ್ಲದೆ ಹಗ್ಗ ಬಿಚ್ಚಿ, ಕಂಬಳಿ ತೆಗೆದು, ಮಡಚಿ, ಕೋಣೆಯ ಟ್ರಂಕಿನ ಮೇಲೆ ಇಟ್ಟು, ಅದರ ಮೇಲೆ ನನ್ನ ಪಂಚೆಯೊಂದನ್ನು ಮುಚ್ಚಿದೆ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ಕೆಲಸ ಮಾಡುವಾಗ ನನಗೆ ಕಳ್ಳತನ ಮಾಡಿದಂತೆ ಅನ್ನಿಸಿತ್ತು. ಹಾಗೆ ಅನ್ನಿಸಿದ್ದನ್ನು ಮನುಷ್ಯ ಮರೆಯುವುದಿಲ್ಲ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಕತ್ತಲಾಗುವ ಮೊದಲೇ ಜಾವಳಿ ಸೇರಿ, ಅಲ್ಲಿಯ ಒಂದು ಎಸ್ಟೇಟಿನ ಗೋಡೌನಿನಲ್ಲಿ ಮಲಗಿದೆವು. ಭಾನುವಾರ ಬೆಳಗ್ಗೆ ಬ್ಯಾಗ್ ತೂಗಿದಾಗ ಮುಳ್ಳು ನೋಡಿದವನು ನಾನೇ, ರುಜು ಹಾಕಿದವನೂ ನಾನೇ. ನಾವು ತಿಂದ ಪೊಟ್ಟಣಗಳನ್ನು ಕಳೆದರೆ ಎಷ್ಟಾಗಬೇಕೋ ಅಷ್ಟೇ ಇತ್ತು. ಹನ್ನೆರಡರ ಹೊತ್ತಿಗೆ ಬಾಳೂರು ಕಡೆಯ ಗುಡ್ಡದ ಬುಡದಲ್ಲಿ ನನ್ನ ಹಿಂದಿನ ಟೈರ್ ಪಂಚರ್ ಆಯಿತು. ಸೊಲ್ಯೂಷನ್ ಟ್ಯೂಬು ಎಲ್ಲಿ ಹೋಯಿತೋ ಸಿಗದೆ ಬ್ಯಾಗನ್ನು ಪೂರ್ತಿ ನೆಲಕ್ಕೆ ಸುರಿದೆ. ಪೂರ್ಣೇಶ ನೋಡುತ್ತ ನಿಂತಿದ್ದ. ಪೊಟ್ಟಣಗಳು, ಸ್ಪ್ಯಾನರ್, ಟಾರ್ಚು, ಬೆಂಕಿಪೊಟ್ಟಣ, ಸೋಪು, ಬ್ರಷ್ಷು, ಪ್ಲಾಸ್ಟಿಕ್ ಹಾಳೆ, ಒಂದು ಅಂಗಿ, ಎಲ್ಲದರ ಅಡಿಯಲ್ಲಿ ಸೊಲ್ಯೂಷನ್ ಟ್ಯೂಬು. ಬೇರೇನೂ ಇರಲಿಲ್ಲ. ಪಂಚರ್ ಹಾಕಿದ ಮೇಲೆ ಎಲ್ಲವನ್ನೂ ನಾನೇ ತಿರುಗಿ ತುಂಬಿ ಬಾಯಿ ಬಿಗಿದೆ.

ಹುಲ್ಲುಗುಡ್ಡದ ನೆತ್ತಿ ಹತ್ತುವಾಗ ಮೂರು ಗಂಟೆ ಕಳೆದಿತ್ತು. ಸೆಕೆ ಅಂದರೆ ಸೆಕೆ. ಪೂರ್ಣೇಶನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕುದುರೆಮುಖದ ಕಡೆ ಆಕಾಶ ಕಪ್ಪಾದದ್ದನ್ನು ನೋಡಿದೆವು, ನೋಡಿಯೂ ಮುಂದೆ ಹೋದೆವು. ಕೆಳಗಿನ ತೋಟದವರೆಲ್ಲ ಆ ಮೋಡಕ್ಕೆ ಕೈಮುಗಿದಿರಬೇಕು, ವರ್ಷದ ಬೆಳೆ ನಿಂತಿರುವುದೇ ಹೂಮಳೆಯ ಮೇಲೆ. ನಾವು ಮಾತ್ರ ಪೆಡಲ್ ಜೋರು ಮಾಡಿದೆವು. ಮೊದಲು ಗಾಳಿ ಬಂತು, ಹಿಂದೆಯೇ ಆಲಿಕಲ್ಲು. ಒಂದು ಮರವೂ ಇಲ್ಲದ ಗುಡ್ಡ. ಸೈಕಲ್ ಮಲಗಿಸಿ ಒಂದು ಬಂಡೆಯ ಮಗ್ಗುಲಿಗೆ ಮುದುರಿ ಕೂತೆವು. ಪ್ಲಾಸ್ಟಿಕ್ ಹಾಳೆಗಳು ಬ್ಯಾಗಿನೊಳಗೇ ಇದ್ದವು. ಬ್ಯಾಗು ನಾಲ್ಕು ಮಾರು ದೂರದಲ್ಲಿ ಸೈಕಲ್ಲಿಗೆ ಕಟ್ಟಿಕೊಂಡಿತ್ತು. ತಲೆ ಎತ್ತುವ ಹಾಗೇ ಇರಲಿಲ್ಲ.

ಕಲ್ಲು ನಿಂತ ಮೇಲೂ ಮಳೆ ನಿಲ್ಲಲಿಲ್ಲ. ಮಳೆ ನಿಂತ ಮೇಲೆ ಮಂಜು ಬಂತು. ಗಾಳಿ ಮಾತ್ರ ಹಾಗೆಯೇ ಬೀಸುತ್ತಿತ್ತು. ಪೂರ್ಣೇಶ ನಡುಗಿದ, ಹಲ್ಲು ಕಟಕಟ ಎನ್ನುವುದು ನನಗೆ ಕೇಳುವಷ್ಟು. ಎದೆಯ ಸುಯ್ ಸದ್ದೂ ಶುರುವಾಯಿತು. ಏಳು, ನಡೆಯೋಣ ಎಂದರೆ ಎದ್ದು ಎರಡು ಹೆಜ್ಜೆಗೆ ಕುಸಿದ. ಆಮೇಲೆ ನಡುಕವೂ ನಿಂತಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಭಾವ, ನಂಗೆ ನಿದ್ದೆ ಬರ್ತಾ ಇದೆ. ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಎಂದ, ಮನೆಯ ಜಗಲಿಯಲ್ಲಿ ಕೂತವನ ಹಾಗೆ. ಆ ನೆಮ್ಮದಿಯ ದನಿ ಕೇಳಿ ನನ್ನ ಜೀವವೇ ಹಾರಿಹೋಯಿತು. ಮಳೆಯಲ್ಲಿ ಸಿಕ್ಕಿ ಹೀಗೇ ಸುಮ್ಮನಾಗಿ ಸತ್ತ ಒಬ್ಬ ಆಳನ್ನು ನಾನು ಕಂಡಿದ್ದೆ. ಸುಜಾತಳಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಪ್ಲಾಸ್ಟಿಕ್ಕಾದರೂ ಸುತ್ತೋಣ ಎಂದು ಸೈಕಲ್ ಹತ್ತಿರ ತೆವಳಿ ಹೋಗಿ ಬ್ಯಾಗಿನ ಬಾಯಿ ಬಿಚ್ಚಿದೆ. ನಾನು ಮಧ್ಯಾಹ್ನ ಹಾಕಿದ್ದ ಗಂಟೇ ಅಲ್ಲಿತ್ತು, ಬೆರಳು ಮರಗಟ್ಟಿದ್ದರಿಂದ ಹಲ್ಲಿನಲ್ಲಿ ಎಳೆದು ಬಿಚ್ಚಬೇಕಾಯಿತು. ಕೈ ಹಾಕಿದೆ. ಉಣ್ಣೆ ಸಿಕ್ಕಿತು.

ಆ ಕ್ಷಣ ನನಗೆ ಆಶ್ಚರ್ಯ ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಆಶ್ಚರ್ಯಪಡಲು ಪುರಸೊತ್ತಿರಲಿಲ್ಲ. ಎಳೆದೆ, ಬಂತು, ಪೂರ್ತಿ ಬಂತು. ಅವನ ಒದ್ದೆ ಅಂಗಿ ಕಿತ್ತುಹಾಕಿ ಕಂಬಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅವನನ್ನು ಅವುಚಿಕೊಂಡು ಕೂತೆ. ಅದು ಬೆಚ್ಚಗಿತ್ತು ಎಂದರೆ ನೀವು ನಂಬುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ನನ್ನ ಕೈ ಆಗ ಯಾವುದನ್ನೂ ಅಳೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಒಣಗಿತ್ತು. ಅದೇ ಬ್ಯಾಗಿನಲ್ಲಿ ಅವಲಕ್ಕಿ ನೀರು ಕುಡಿದು ಮುದ್ದೆಯಾಗಿತ್ತು, ಬೆಂಕಿಪೊಟ್ಟಣ ಕರಗಿತ್ತು. ಕಂಬಳಿ ಮಾತ್ರ ಒಣಗಿತ್ತು, ನಮ್ಮ ಮನೆಯ ಒಲೆಯ ಹೊಗೆ ವಾಸನೆ ಇತ್ತು. ಅವನ ಗಲ್ಲದ ಕೆಳಗೆ ಕೆಂಪು ನೂಲಿನ ಹೆಣಿಗೆ ಕಂಡಾಗ ನನಗೆ ಮೊದಲ ಬಾರಿ ಆ ಕಂಬಳಿಯದೇ ಹೆದರಿಕೆಯಾಯಿತು.

ಅರ್ಧ ಗಂಟೆಯಾಗಿರಬೇಕು, ಅವನು ಮತ್ತೆ ನಡುಗಲು ಶುರು ಮಾಡಿದ. ನಡುಕ ನೋಡಿ ನಾನು ಅತ್ತುಬಿಟ್ಟೆ. ಇನ್ನೂ ಬೆಳಕಿರುವಾಗಲೇ ಸಂಸೆಯಿಂದ ನಮ್ಮನ್ನು ಹುಡುಕುತ್ತ ಜೀಪ್ ಬಂತು. ಅದರಲ್ಲೇ ಅವನನ್ನು ಕಳಸದ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಇಟ್ಟುಕೊಂಡು ಕಳಿಸಿದರು.

ಸೋಮವಾರ ಮಧ್ಯಾಹ್ನ ಸುಜಾತ ಬಸ್ಸಿನಲ್ಲಿ ಬಂದಳು. ವಾರ್ಡಿನ ಬಾಗಿಲಲ್ಲಿ ನಿಂತವಳು ತಮ್ಮನ ಮುಖ ನೋಡಿದಳು, ಆಮೇಲೆ ಅವನ ಮೇಲಿದ್ದ ಕಂಬಳಿ ನೋಡಿದಳು. ನನ್ನನ್ನು ಹೊರಗೆ ಕರೆದಳು.

"ಇದು ನಿಮ್ಮ ಹತ್ರ ಹೆಂಗೆ ಬಂತು? ಶನಿವಾರ ರಾತ್ರಿ ನಾನೇ ಹೊದ್ಕೊಂಡು ಮಲಗಿದ್ನಲ್ಲ. ನಿಮ್ಮ ಪಂಚೆ ಅಡಿಲಿ ಮುಚ್ಚಿಟ್ಟಿದ್ದು ಕಂಡು, ಇಷ್ಟು ಹೇಳಿದ್ರೂ ಬಿಟ್ಟು ಹೋದ್ರಲ್ಲ ಅಂತ ಸಿಟ್ಟು ಬಂದು, ಅಳು ಬಂದು, ಅದನ್ನೇ ಹೊದ್ಕೊಂಡು ಮಲಗಿದೆ. ನಿನ್ನೆ ಸಂಜೆ ಹುಡುಕ್ತೀನಿ, ಇಲ್ಲ."

 ಶನಿವಾರ ರಾತ್ರಿ ನಾವು ಜಾವಳಿಯಲ್ಲಿದ್ದೆವು.

ಭಾನುವಾರ ಸಂಜೆ ಜೀಪ್ ಸಂಸೆಯಲ್ಲಿ ನಿಂತಾಗ ಪೂರ್ಣೇಶನಿಗೆ ಬೇರೆ ರಗ್ಗು ಹೊದಿಸಿ, ಸಂಘಟಕರು ನಮ್ಮ ಬ್ಯಾಗನ್ನು ತೂಗಿದ್ದರು. ಕಂಬಳಿ ಸೇರಿ ಜಾವಳಿಗಿಂತ ಹೆಚ್ಚು ಬಂತು. ದಾರಿಯಲ್ಲಿ ಯಾರಿಂದಲೋ ಪಡೆದಿದ್ದಾರೆ ಎಂದು ನಮ್ಮ ಜೋಡಿಯ ಹೆಸರು ಹೊಡೆದುಹಾಕಿದರು. ಹುಷಾರಾದ ಮೇಲೆ ಇದು ತಿಳಿದು ಪೂರ್ಣೇಶನಿಗೆ ಕೋಪ ಬಂತು. ಕಂಬಳಿ ನೀರು ಕುಡಿದು ಭಾರವಾಗಿತ್ತು, ಅದನ್ನು ಭಾವ ಮನೆಯಿಂದಲೇ ಹೊತ್ತು ತಂದದ್ದು ಎಂದು ಸಾಹುಕಾರರ ಮಗನ ಹತ್ತಿರ ಜಗಳವಾಡಿದ. ನಾನು ಪಕ್ಕದಲ್ಲಿ ನಿಂತು ಸುಮ್ಮನೆ ಕೇಳಿಸಿಕೊಂಡೆ. ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ ಇತ್ತು. ಊರಿಗೆ ಹೋದ ಮೇಲೆ ಕಂಬಳಿ ಒಣಗಿಸಿ ತೂಗಿದೆ. ಒಂದು ಕಿಲೋ ಆರುನೂರು. ಬ್ಯಾಗಿಗೆ ಎಲ್ಲ ಸಾಮಾನು ತುಂಬಿ ಕಂಬಳಿ ಹಾಕಿ ನೋಡಿದೆ. ಎಷ್ಟು ಒತ್ತಿದರೂ ಬಾಯಿ ಮುಚ್ಚಲಿಲ್ಲ.

ಕೆಲವು ತಿಂಗಳಲ್ಲಿ ಸುಜಾತ ತನ್ನ ಮಾತು ಬದಲಾಯಿಸಿದಳು. ಶನಿವಾರ ತಾನು ಹೊದ್ದದ್ದು ಬೇರೆ ರಗ್ಗು ಇರಬೇಕು, ದುಃಖದಲ್ಲಿ ಗೊತ್ತಾಗಿಲ್ಲ ಎಂದಳು. "ನನ್ನ ಮಾತು ಕೇಳಿದೆ ಅಂತ ಒಪ್ಕೊಳ್ಳೋಕೆ ನಿಮಗೆ ನಾಚಿಕೆ" ಎಂದು ನಕ್ಕಳು. ಅವಳು ಸುಳ್ಳು ಹೇಳುವವಳಲ್ಲ. ಗಂಡ ತನ್ನ ಮಾತು ಕೇಳಿದ ಎಂದು ನಂಬುವುದು ಅವಳಿಗೆ ಹೆಚ್ಚು ಹಿತವಾಗಿತ್ತು, ಅಷ್ಟೆ. ಅಂದಿನಿಂದ ನನ್ನ ಮೇಲೆ ಅವಳ ಅಕ್ಕರೆಯೂ ಒಂದು ಕೈ ಹೆಚ್ಚಾಯಿತು. ಅದನ್ನು ಅನುಭವಿಸುವಾಗಲೆಲ್ಲ ನನಗೆ ಟ್ರಂಕಿನ ಮುಂದೆ ನಿಂತ ಆ ಬೆಳಗು ನೆನಪಾಗುತ್ತಿತ್ತು.

ಪೂರ್ಣೇಶ ಈಗ ಮೂಡಿಗೆರೆಯಲ್ಲಿ ಸ್ವಂತ ಸೈಕಲ್ ಅಂಗಡಿ ಇಟ್ಟಿದ್ದಾನೆ. ಗುಡ್ಡ ಹತ್ತುವ ಹುಡುಗರು ಏನು ಕಟ್ಟಿಕೊಳ್ಳಬೇಕು, ಏನು ಬಿಡಬೇಕು ಎಂದು ಅವನನ್ನೇ ಕೇಳಲು ಬರುತ್ತಾರೆ. ಬಂದವರಿಗೆಲ್ಲ ಅವನು ಮೊದಲು ಹೇಳುವುದು ನನ್ನ ಕತೆ. ಬ್ರಷ್ಷಿನ ಹಿಡಿ ಕೊಯ್ದ ನಮ್ಮ ಭಾವ ನನಗೋಸ್ಕರ ಕಂಬಳಿ ಹೊತ್ತರು ಎನ್ನುತ್ತಾನೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿರುತ್ತೇನೆ. ಹುಡುಗರು ನನ್ನತ್ತ ತಿರುಗಿ ನೋಡುತ್ತಾರೆ. ಹೋದ ವರ್ಷ ಒಂದು ದಿನ ನನಗೆ ತಡೆಯಲಾಗಲಿಲ್ಲ. ಗಿರಾಕಿಗಳು ಹೋದ ಮೇಲೆ, ಅಂದು ಬೆಳಗ್ಗೆ ನಾನೇ ಅದನ್ನು ತೆಗೆದಿಟ್ಟಿದ್ದೆ ಎಂದು ಹೇಳಿಬಿಟ್ಟೆ.

"ಗೊತ್ತು ಭಾವ" ಎಂದ ಅವನು, ಚಕ್ರದ ಕಡ್ಡಿ ಬಿಗಿ ಮಾಡುತ್ತಲೇ. "ನಾನು ಹೊರಗೆ ಚೈನಿಗೆ ಎಣ್ಣೆ ಬಿಡ್ತಾ ಇದ್ದೆ. ಕಿಟಕಿಯಿಂದ ನೋಡಿದೆ. ನಂಗೂ ಗೆಲ್ಲೋ ಆಸೆ, ಅದ್ಕೇ ಸುಮ್ಮನಿದ್ದೆ. ಗುಡ್ಡದ ಮೇಲೆ ಅದನ್ನ ಹೊದಿಸಿದಾಗ, ಅಕ್ಕನ ಮಾತಿಗೆ ಮನಸ್ಸು ಬದಲಾಯಿಸಿ ಮತ್ತೆ ಇಟ್ಕೊಂಡಿದ್ದಾರೆ ಅಂತ ಗೊತ್ತಾಯ್ತು. ಅದ್ಕೇ ಅಲ್ವಾ ನಾನು ಎಲ್ರಿಗೂ ಹೇಳೋದು."

"ಮತ್ತೆ ಇಟ್ಟಿಲ್ಲ ಮಾರಾಯ. ಮಧ್ಯಾಹ್ನ ಪಂಚರ್ ಹಾಕುವಾಗ ಬ್ಯಾಗ್ ಸುರಿದಿದ್ದು ನೀನೂ ನೋಡಿದ್ದೀಯ."

ಅವನ ಕೈ ನಿಂತಿತು.  ಅವನ ಮುಖದಲ್ಲಿ ಕಂಡ ಭಯವನ್ನು ನಾನು ಆ ಗುಡ್ಡದ ಮೇಲೂ ಕಂಡಿರಲಿಲ್ಲ. ನಾನು ಬಸ್ ಹಿಡಿದು ಮನೆಗೆ ಬಂದೆ.

ಮರುದಿನ ಬೆಳಗ್ಗೆ ಅವನ ಫೋನ್ ಬಂತು. ರಾತ್ರಿ ನಿದ್ದೆ ಮಾಡಿದವನ ದನಿಯಲ್ಲ. "ಭಾವ, ಇನ್ನೊಂದ್ಸಲ ಸರಿಯಾಗಿ ಯೋಚನೆ ಮಾಡಿ ನೋಡಿ. ಎಷ್ಟು ವರ್ಷ ಆಯ್ತು. ನೀವೇ ಇಟ್ಟು ಮರ್ತಿರಬಹುದು ಅಲ್ವಾ?"

ಇಷ್ಟು ವರ್ಷ ಒಂದು ಚೀಲದ ತೂಕವನ್ನೂ ತಪ್ಪು ಬರೆಯದವನು ನಾನು. "ಇರಬಹುದು ಮಾರಾಯ. ವಯಸ್ಸಾಯ್ತು ನೋಡು, ನಾನೇ ಇಟ್ಟಿರ್ತೀನಿ" ಎಂದೆ. ಅವನು ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು.

ನನಗೆ ಚೆನ್ನಾಗಿ ನೆನಪಿದೆ. ನಾನು ಇಟ್ಟಿರಲಿಲ್ಲ.